ನಕ್ಷೆಯ ಮೇಲಿನ ಕಂದು ಗೆರೆಗಳು

ಭೂಮಿಯ ಮೇಲಿನ ಒಂದು ಜಾಗವನ್ನು ಖಚಿತವಾಗಿ ಹೇಳಲು ಮೂರು ಸಂಖ್ಯೆಗಳು ಬೇಕು: ಅಕ್ಷಾಂಶ, ರೇಖಾಂಶ, ಎತ್ತರ. ಮೊದಲಿನೆರಡಕ್ಕೆ ಕಾಗದದಲ್ಲಿ ಜಾಗ ಸಿದ್ಧವಾಗಿಯೇ ಇದೆ. ಮೂರನೆಯದಕ್ಕೆ ಇಲ್ಲ. ಚಪ್ಪಟೆ ಹಾಳೆಯಲ್ಲಿ ಉಬ್ಬುತಗ್ಗನ್ನು ತೋರಿಸುವುದು ಹೇಗೆಂಬ ಪ್ರಶ್ನೆ ನಕ್ಷೆಗಾರರನ್ನು ಶತಮಾನಗಳ ಕಾಲ ಕಾಡಿತು. ಕೊನೆಗೆ ಗೆದ್ದ ಉಪಾಯವೇ ಸಮೋನ್ನತಿ ರೇಖೆ. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಕೂಡಿಸಿ ಎಳೆದ ಗೆರೆ ಇದು. ಭೂಗೋಳದ ಪಾಠದಲ್ಲಿ ಇದಕ್ಕೆ ಈ ಹೆಸರಿದ್ದರೆ ಎಂಜಿನಿಯರುಗಳು ಕಾಂಟೂರ್ ಎನ್ನುತ್ತಾರೆ.

ಈ ಗೆರೆ ಏನೆಂದು ತಿಳಿಯಲು ಬೇಸಿಗೆಯ ಕೆರೆಯಂಗಳವನ್ನು ನೋಡಬೇಕು. ಮಳೆಗಾಲದಲ್ಲಿ ಕೋಡಿ ಹರಿದ ಕೆರೆ ತಿಂಗಳು ಕಳೆದಂತೆ ಇಳಿಯುತ್ತದೆ. ಇಳಿಯುವಾಗ ನೀರು ಒಂದೊಂದು ಮಟ್ಟದಲ್ಲಿ ಕೆಲವು ದಿನ ನಿಂತು, ಅಂಚಿನುದ್ದಕ್ಕೂ ಕಸಕಡ್ಡಿಯ, ಒಣಗಿದ ಪಾಚಿಯ ಗೆರೆ ಬಿಟ್ಟು ಹೋಗುತ್ತದೆ. ನಿಂತ ನೀರಿನ ಮೇಲ್ಮೈ ಎಲ್ಲೆಡೆಯೂ ಒಂದೇ ಮಟ್ಟವಾದ್ದರಿಂದ ಒಂದು ಗೆರೆಯ ಮೇಲಿರುವ ಎಲ್ಲ ಜಾಗಗಳ ಎತ್ತರವೂ ಒಂದೇ. ಅಂದರೆ ನೀರು ನೆಲದ ಮೇಲೆ ಸಮೋನ್ನತಿ ರೇಖೆಯನ್ನೇ ಎಳೆದಿರುತ್ತದೆ. ಅದನ್ನು ಮೇಲಿನಿಂದ ನೋಡಿ ಕಾಗದಕ್ಕಿಳಿಸಿದರೆ ನಕ್ಷೆ ಸಿದ್ಧ. ಏರಿಯ ಒಳಮೈ ಕಡಿದಾಗಿರುವುದರಿಂದ ಅಲ್ಲಿ ಗೆರೆಗಳು ಒತ್ತೊತ್ತಾಗಿ ಬೀಳುತ್ತವೆ. ಎದುರು ದಡದಲ್ಲಿ ನೆಲ ನಿಧಾನವಾಗಿ ಏರುವುದರಿಂದ ಒಂದರಿಂದೊಂದು ದೂರ ದೂರ ಇರುತ್ತವೆ. ಹಳ್ಳ ಬಂದು ಸೇರುವ ಕಡೆ ನೀರು ಹಳ್ಳದೊಳಕ್ಕೆ ನುಗ್ಗಿರುವುದರಿಂದ ಗೆರೆಯೂ ಹಳ್ಳದ ಮೇಲ್ದಿಕ್ಕಿಗೆ ಮೊನೆಯಾಗಿ ಬಾಗುತ್ತದೆ. ದಿಬ್ಬವೊಂದು ಕೆರೆಯೊಳಕ್ಕೆ ಚಾಚಿದ ಕಡೆ ಗೆರೆ ಅದನ್ನು ಬಳಸಿಕೊಂಡು ತಗ್ಗಿನ ಕಡೆಗೆ ಉಬ್ಬುತ್ತದೆ. ನಕ್ಷೆ ಓದುವ ನಿಯಮಗಳಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಮುಗಿಯಿತು.

ಉಳಿದ ನಿಯಮಗಳೂ ಇದೇ ತರ್ಕದಿಂದ ಹುಟ್ಟುತ್ತವೆ. ಒಂದು ಜಾಗಕ್ಕೆ ಎರಡು ಎತ್ತರ ಇರಲಾರದಾದ್ದರಿಂದ ಬೇರೆ ಬೇರೆ ಎತ್ತರದ ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಮುಂಚಾಚಿದ ಬಂಡೆಯ ಕೆಳಗೆ ನೆಲ ಒಳಸರಿದಿರುವಂಥ ಅಪರೂಪದ ಜಾಗ ಮಾತ್ರ ಇದಕ್ಕೆ ಹೊರತು. ಗೆರೆ ಎಲ್ಲೋ ಒಂದು ಕಡೆ ತನ್ನನ್ನೇ ಬಂದು ಕೂಡಲೇಬೇಕು. ಹಾಳೆಯ ಅಂಚಿನಲ್ಲಿ ತುಂಡಾದಂತೆ ಕಂಡರೂ ಪಕ್ಕದ ಹಾಳೆಯಲ್ಲಿ ಮುಂದುವರಿದಿರುತ್ತದೆ. ಒಂದರೊಳಗೊಂದು ಬಳೆಗಳಂತಿರುವ ಗೆರೆಗಳು ಬೆಟ್ಟವಾಗಿರಬಹುದು, ಗುಂಡಿಯೂ ಆಗಿರಬಹುದು. ಆಕಾರ ನೋಡಿ ಹೇಳಲಾಗದು, ಸಂಖ್ಯೆ ನೋಡಬೇಕು. ಈ ಗೊಂದಲ ತಪ್ಪಿಸಲೆಂದೇ ಗುಂಡಿಯ ಗೆರೆಗೆ ಒಳಮುಖವಾಗಿ ಚಿಕ್ಕ ಚಿಕ್ಕ ಹಲ್ಲುಗಳನ್ನು ಹಾಕುವ ರೂಢಿಯಿದೆ.

ಎರಡು ಗೆರೆಗಳ ನಡುವೆ ಎಷ್ಟು ಎತ್ತರ ಬಿಡಬೇಕೆಂಬುದು ನಕ್ಷೆಗಾರನ ತೀರ್ಮಾನ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ, ಅಂದರೆ ಜನ ಟೋಪೋಶೀಟ್ ಎನ್ನುವ ನಕ್ಷೆಗಳಲ್ಲಿ, ಇದು ಸಾಮಾನ್ಯವಾಗಿ 20 ಮೀಟರ್. ಇಂಚಿಗೆ ಒಂದು ಮೈಲಿಯ ಹಳೆಯ ಹಾಳೆಗಳಲ್ಲಿ 50 ಅಡಿ ಇತ್ತು. ಗೆರೆಗಳ ಬಣ್ಣ ಕಂದು. ಎಣಿಸಲು ಸುಲಭವಾಗಲೆಂದು ಪ್ರತಿ ಐದನೆಯ ಗೆರೆಯನ್ನು ದಪ್ಪಗೆ ಎಳೆದು ಅದರ ಮೇಲೆ ಎತ್ತರ ಬರೆಯುತ್ತಾರೆ. 20 ಮೀಟರ್ ಅಂತರದ ನಕ್ಷೆಯಲ್ಲಿ ಒಂದು ದಪ್ಪ ಗೆರೆಯಿಂದ ಮುಂದಿನ ದಪ್ಪ ಗೆರೆಗೆ 100 ಮೀಟರ್ ಏರು.

ಈ ಅಂತರ ಗೊತ್ತಿದ್ದರೆ ಇಳಿಜಾರನ್ನು ಅಳತೆಪಟ್ಟಿಯಿಂದಲೇ ಲೆಕ್ಕ ಹಾಕಬಹುದು. 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಎರಡು ಗೆರೆಗಳ ನಡುವೆ 2 ಮಿಲಿಮೀಟರ್ ಇದ್ದರೆ 100 ಮೀಟರ್ ನಡೆದಾಗ 20 ಮೀಟರ್ ಏರಿದಂತೆ: ಐದಕ್ಕೆ ಒಂದು, ಸುಮಾರು 11 ಡಿಗ್ರಿ. ಹತ್ತುವವನಿಗೆ ಏದುಸಿರು ಬರಿಸಲು ಇಷ್ಟು ಸಾಕು. ಗೆರೆಗಳು ಬೆಟ್ಟದ ನೆತ್ತಿಯ ಹತ್ತಿರ ಒತ್ತಾಗಿ, ಬುಡದಲ್ಲಿ ವಿರಳವಾಗಿದ್ದರೆ ಇಳಿಜಾರು ಒಳಬಾಗಿದೆ. ನೆತ್ತಿಯಿಂದ ಬುಡದವರೆಗೂ ಕಾಣುತ್ತದೆ. ಇದು ತಿರುಗುಮುರುಗಾದರೆ ಮೈ ಹೊರಬಾಗಿರುತ್ತದೆ, ಮೇಲೆ ನಿಂತವನಿಗೆ ಬುಡ ಕಾಣದು. ಈ ಸಣ್ಣ ವ್ಯತ್ಯಾಸದಲ್ಲಿ ಫಿರಂಗಿ ದಳಗಳಿಗೆ ಇದ್ದಷ್ಟು ಆಸಕ್ತಿ ಭೂಗೋಳದ ವಿದ್ಯಾರ್ಥಿಗಳಿಗೂ ಇರಲಿಲ್ಲ. ಹಲವು ದೇಶಗಳಲ್ಲಿ ನಕ್ಷೆ ಇಲಾಖೆಗಳು ಸೇನೆಯ ಮನೆಯಲ್ಲೇ ಬೆಳೆದದ್ದು ಸುಮ್ಮನೆ ಅಲ್ಲ.

ಒತ್ತಾಗುವುದಕ್ಕೂ ಒಂದು ಮಿತಿಯಿದೆ. ಜೋಗದಲ್ಲಿ ಶರಾವತಿ ಸುಮಾರು 253 ಮೀಟರ್ ಆಳಕ್ಕೆ ಧುಮುಕುತ್ತದೆ. 20 ಮೀಟರ್ ಅಂತರದ ಲೆಕ್ಕದಲ್ಲಿ ಕನಿಷ್ಠ ಹನ್ನೆರಡು ಗೆರೆಗಳು ಅಲ್ಲಿ ಒಂದೇ ಕಡೆ ಬಂದು ಬೀಳಬೇಕು. ಅವನ್ನು ಬಿಡಿಯಾಗಿ ಎಳೆಯಲು ಜಾಗವಿಲ್ಲದ ಇಂಥ ಕಡೆಗಳಲ್ಲಿ ಪ್ರಪಾತದ ಚಿಹ್ನೆ ಹಾಕುತ್ತಾರೆ. ರಾಯಚೂರಿನ ಎರೆನೆಲದಲ್ಲಿ ಕಷ್ಟ ಇದಕ್ಕೆ ತದ್ವಿರುದ್ಧ. ಗೆರೆಗಾಗಿ ನಕ್ಷೆಯನ್ನೆಲ್ಲ ಹುಡುಕಬೇಕಾಗುತ್ತದೆ.

ಎತ್ತರ ಎಂದ ಮೇಲೆ ಸೊನ್ನೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದೆ. ಆದರೆ ಸಮುದ್ರಕ್ಕೆ ಒಂದೇ ಮಟ್ಟವೆಂಬುದಿಲ್ಲ. ಉಬ್ಬರ, ಇಳಿತ, ಗಾಳಿ, ಋತು ಎಲ್ಲವೂ ಅದನ್ನು ಏರಿಸಿ ಇಳಿಸುತ್ತವೆ. ಆದ್ದರಿಂದ ವರ್ಷಗಟ್ಟಲೆ ಅಳೆದು ಸರಾಸರಿ ತೆಗೆಯಬೇಕು. ಭಾರತದ ಎತ್ತರಗಳಿಗೆ 1909ರಲ್ಲಿ ನಿಗದಿಯಾದ ಸೊನ್ನೆ ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆಯನ್ನು ಆಧರಿಸಿತ್ತು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ ಮತ್ತು ಒಡಿಶಾದ ಫಾಲ್ಸ್ ಪಾಯಿಂಟ್. ಈ ದಡಗಳಿಂದ ಹೊರಟು, ಅಳತೆಕೋಲು ಮತ್ತು ಮಟ್ಟದ ದುರ್ಬೀನು ಹಿಡಿದು, ಹೆಜ್ಜೆ ಹೆಜ್ಜೆಗೂ ಏರಿಳಿತ ಅಳೆಯುತ್ತ ಒಳನಾಡಿಗೆ ಸಾಗಿದ ಕೆಲಸದ ಫಲವೇ ಹಳೆಯ ಕಟ್ಟಡ, ಸೇತುವೆಗಳ ಮೇಲೆ ಇಂದಿಗೂ ಅಲ್ಲಲ್ಲಿ ಕಾಣುವ ಮಟ್ಟಗಲ್ಲಿನ ಗುರುತುಗಳು.

ಈ ಗೆರೆ ಹುಟ್ಟಿದ್ದು ಬೆಟ್ಟದಲ್ಲಲ್ಲ, ನೀರಿನ ಅಡಿಯಲ್ಲಿ. ಬೆಟ್ಟವೇ ಇಲ್ಲದ ಹಾಲೆಂಡಿನಲ್ಲಿ 1584ರಲ್ಲಿ ಪೀಟರ್ ಬ್ರೌನ್ಸ್ ಎಂಬ ಸರ್ವೆಯರ್ ಸ್ಪಾರ್ನೆ ನದಿಯ ನಕ್ಷೆಯಲ್ಲಿ ಏಳು ಅಡಿ ಆಳದ ಜಾಗಗಳನ್ನು ಒಂದು ಗೆರೆಯಿಂದ ಕೂಡಿಸಿದ. ಹಡಗು ಎಲ್ಲಿ ನೆಲ ಕಚ್ಚುತ್ತದೆ ಎಂಬುದು ಡಚ್ಚರಿಗೆ ಹೊಟ್ಟೆಪಾಡಿನ ಪ್ರಶ್ನೆ. 1697ರಲ್ಲಿ ಪಿಯರ್ ಆನ್ಸೆಲಿನ್ ರಾಟರ್‌ಡ್ಯಾಮ್ ಬಳಿಯ ಮಾಸ್ ನದಿಗೆ, 1730ರ ಹೊತ್ತಿಗೆ ನಿಕೋಲಾಸ್ ಕ್ರುಕ್ವಿಯಸ್ ಮೆರ್ವೆಡೆ ನದಿಗೆ ಇಂಥ ಆಳದ ಗೆರೆಗಳ ನಕ್ಷೆ ಮಾಡಿದರು. ನಡುವೆ 1701ರಲ್ಲಿ ಎಡ್ಮಂಡ್ ಹ್ಯಾಲಿ ಅಟ್ಲಾಂಟಿಕ್ ಸಾಗರದಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಸಮನಾಗಿ ವಾಲುವ ಜಾಗಗಳನ್ನು ಗೆರೆಗಳಿಂದ ಜೋಡಿಸಿದ್ದ. ಸಮಾನ ಬೆಲೆಯ ಬಿಂದುಗಳನ್ನು ಕೂಡಿಸುವ ಈ ಯೋಚನೆಯಿಂದಲೇ ಮುಂದೆ ಸಮಾನ ಉಷ್ಣತೆಯ, ಸಮಾನ ಒತ್ತಡದ ರೇಖೆಗಳೂ ಬಂದವು.

ನೀರಿನಿಂದ ನೆಲಕ್ಕೆ ಏರಲು ಗೆರೆಗೆ ಬಹಳ ಕಾಲ ಹಿಡಿಯಿತು. ನದಿಯ ಆಳವನ್ನು ದೋಣಿಯಲ್ಲಿ ಕೂತು ಹಗ್ಗ ಬಿಟ್ಟು ಅಳೆಯಬಹುದು. ನೀರಿನ ಮೇಲ್ಮೈಯೇ ಸೊನ್ನೆ. ಬೆಟ್ಟದ ಮೇಲೆ ಅಂಥ ಸಿದ್ಧ ಸೊನ್ನೆ ಇಲ್ಲ. ಈ ದಾರಿಯ ಒಂದು ಮುಖ್ಯ ಮೈಲಿಗಲ್ಲಿಗೆ ಕಾರಣವಾದದ್ದು ನಕ್ಷೆಯೇ ಅಲ್ಲ, ಭೂಮಿಯನ್ನು ತೂಗುವ ಪ್ರಯತ್ನ. ಬೆಟ್ಟವೊಂದು ತನ್ನ ಪಕ್ಕದ ತೂಗುಗುಂಡನ್ನು ಎಷ್ಟು ಎಳೆಯುತ್ತದೆ ಎಂದು ಅಳೆದರೆ, ಬೆಟ್ಟದ ರಾಶಿಯೊಡನೆ ಹೋಲಿಸಿ ಇಡೀ ಭೂಮಿಯ ಸಾಂದ್ರತೆ ಕಂಡುಹಿಡಿಯಬಹುದು. 1774ರಲ್ಲಿ ಬ್ರಿಟನ್ನಿನ ರಾಜಖಗೋಳಜ್ಞ ನೆವಿಲ್ ಮಾಸ್ಕಲಿನ್ ಇದಕ್ಕಾಗಿ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟದಲ್ಲಿ ಬೀಡುಬಿಟ್ಟ. ಸುತ್ತ ಬೇರೆ ಬೆಟ್ಟಗಳ ಗೊಡವೆ ಕಡಿಮೆ, ಆಕಾರ ಅಚ್ಚುಕಟ್ಟು ಎಂಬುದೇ ಈ ಬೆಟ್ಟದ ಆಯ್ಕೆಗೆ ಕಾರಣ. ತೂಗುಗುಂಡಿನ ಅಳತೆ ಮುಗಿದ ಮೇಲೆ ಬೆಟ್ಟದ ಗಾತ್ರ ಲೆಕ್ಕಹಾಕುವ ಕೆಲಸ ಗಣಿತಜ್ಞ ಚಾರ್ಲ್ಸ್ ಹಟನ್ ಪಾಲಿಗೆ ಬಂತು. ಅವನ ಮುಂದಿದ್ದದ್ದು ನಕ್ಷೆಯ ತುಂಬ ಚೆಲ್ಲಿದ ನೂರಾರು ಎತ್ತರದ ಅಂಕಿಗಳು. ಅವುಗಳ ರಾಶಿಯಲ್ಲಿ ಬೆಟ್ಟದ ಆಕಾರವೇ ಕಾಣದಾದಾಗ ಸಮಾನ ಎತ್ತರದ ಬಿಂದುಗಳನ್ನು ಪೆನ್ಸಿಲಿನಿಂದ ಕೂಡಿಸುತ್ತ ಹೋದ. ಕೂಡಲೇ ಬೆಟ್ಟ ಕಂಡಿತು, ಹೋಳು ಹೋಳಾಗಿ ಲೆಕ್ಕ ಹಾಕಲು ಅನುಕೂಲವೂ ಆಯಿತು. 1778ರಲ್ಲಿ ಅವನು ಪ್ರಕಟಿಸಿದ ಉತ್ತರದ ಪ್ರಕಾರ ಭೂಮಿಯ ಸರಾಸರಿ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು. ಇಂದಿನ ಲೆಕ್ಕ ಐದೂವರೆ ಪಟ್ಟು. ಒಂದು ಬೆಟ್ಟವನ್ನು ತಕ್ಕಡಿ ಮಾಡಿಕೊಂಡು ಪಡೆದ ಉತ್ತರಕ್ಕೆ ಇದು ಕಡಿಮೆ ಸಾಧನೆಯಲ್ಲ.

ಅದೇ ಕಾಲದಲ್ಲಿ ಜಿನೀವಾದ ಡುಕಾರ್ಲಾ ನೆಲದ ನಕ್ಷೆಗಳಿಗೆಲ್ಲ ಈ ಪದ್ಧತಿ ಬಳಸಬೇಕೆಂದು ವಾದಿಸಿದ. 1791ರಲ್ಲಿ ದ್ಯುಪೇನ್-ತ್ರಿಯೆಲ್ ಇಡೀ ಫ್ರಾನ್ಸಿಗೆ ಅಂಥದೊಂದು ನಕ್ಷೆ ಪ್ರಕಟಿಸಿದ. ಆದರೆ ಜನಪ್ರಿಯವಾದದ್ದು ಬೇರೆಯೇ ಪದ್ಧತಿ. ಸ್ಯಾಕ್ಸನಿಯ ಸೇನಾಧಿಕಾರಿ ಯೋಹಾನ್ ಜಾರ್ಜ್ ಲೇಮನ್ 1799ರಲ್ಲಿ ಇಳಿಜಾರಿನ ದಿಕ್ಕಿಗೆ ಗಿಡ್ಡ ಗೆರೆಗಳನ್ನು ಎಳೆಯುವ ಕ್ರಮಕ್ಕೆ ಲೆಕ್ಕದ ಕಟ್ಟು ಹಾಕಿಕೊಟ್ಟ. ಹ್ಯಾಶೂರ್ ಎನ್ನುವ ಈ ಗೆರೆಗಳು ಇಳಿಜಾರು ಹೆಚ್ಚಿದಷ್ಟೂ ದಪ್ಪ. 45 ಡಿಗ್ರಿಗೆ ಬಂದರೆ ಕಾಗದವೆಲ್ಲ ಕಪ್ಪು. ನೋಡಲು ಚೆನ್ನ, ಬೆಟ್ಟ ಕಣ್ಣಿಗೆ ಕಟ್ಟುತ್ತದೆ. ಆದರೆ ಎತ್ತರ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಸ್ವಿಟ್ಜರ್ಲೆಂಡಿನ ಕಥೆ ಇಲ್ಲಿ ಸ್ವಾರಸ್ಯದ್ದು. 1845ರಿಂದ 1865ರವರೆಗೆ ಹೊರಬಂದ ಪ್ರಸಿದ್ಧ ದುಫೂರ್ ನಕ್ಷೆಗೆ ಸರ್ವೆಯರುಗಳು ಬೆಟ್ಟದಲ್ಲಿ ಅಳೆದು ತಂದದ್ದು ಸಮೋನ್ನತಿ ರೇಖೆಗಳನ್ನೇ. ಅಚ್ಚಿಗೆ ಹೋಗುವಾಗ ಅವನ್ನು ಬಿಟ್ಟು ಹ್ಯಾಶೂರ್ ಕೊರೆದರು. 1870ರ ನಂತರ ಸೀಗ್‌ಫ್ರೀಡ್ ಅಟ್ಲಾಸ್ ಬಂದಾಗಷ್ಟೇ ಓದುಗರಿಗೆ ಮೂಲ ಗೆರೆಗಳು ಸಿಕ್ಕವು.

ಸಮೋನ್ನತಿ ರೇಖೆಗಳ ದೌರ್ಬಲ್ಯ ಹ್ಯಾಶೂರಿನದಕ್ಕೆ ತದ್ವಿರುದ್ಧ. ಲೆಕ್ಕಕ್ಕೆ ಅವು ನಿಖರ, ಆದರೆ ಅಭ್ಯಾಸವಿಲ್ಲದ ಕಣ್ಣಿಗೆ ಬೆಟ್ಟ ಕಾಣಿಸುವುದಿಲ್ಲ. ಹಾಗಾಗಿ ಶಾಲೆಯ ಅಟ್ಲಾಸುಗಳು ಎರಡು ಗೆರೆಗಳ ನಡುವೆ ಬಣ್ಣ ತುಂಬುತ್ತವೆ: ತಗ್ಗಿಗೆ ಹಸಿರು, ಎತ್ತರಕ್ಕೆ ಹಳದಿ, ಕಂದು. ಇದರಿಂದ ಹುಟ್ಟುವ ತಪ್ಪುಕಲ್ಪನೆ ಸಣ್ಣದಲ್ಲ. ಹಸಿರು ಎಂದರೆ ಕಾಡು, ಕಂದು ಎಂದರೆ ಬರಡು ಎಂದು ಮಕ್ಕಳು ತಿಳಿಯುತ್ತಾರೆ. ಸಹ್ಯಾದ್ರಿಯ ದಟ್ಟ ಕಾಡು ಕಂದಾಗಿ, ರಾಜಸ್ಥಾನದ ಮರಳುಗಾಡಿನ ತಗ್ಗು ಹಸಿರಾಗಿ ಅಚ್ಚಾಗಿರುವುದುಂಟು. ಇನ್ನೊಂದು ಉಪಾಯ ನೆರಳು ಹಾಕುವುದು. ಬೆಳಕು ನಕ್ಷೆಯ ಎಡ ಮೇಲ್ಮೂಲೆಯಿಂದ, ಅಂದರೆ ವಾಯುವ್ಯದಿಂದ, ಬೀಳುತ್ತಿದೆ ಎಂದು ಭಾವಿಸಿ ಬೆಳಕಿಗೆ ಬೆನ್ನಾದ ಮೈಗೆ ಕಪ್ಪು ಹಚ್ಚುತ್ತಾರೆ. ಯೂರೋಪಿನಲ್ಲಿ ನಡುಹಗಲ ಸೂರ್ಯ ದಕ್ಷಿಣದಲ್ಲಿರುತ್ತಾನೆ. ಆದರೂ ದಕ್ಷಿಣದಿಂದ ಬೆಳಕು ಹಾಯಿಸಿದರೆ ಎಷ್ಟೋ ಜನರ ಕಣ್ಣಿಗೆ ಬೆಟ್ಟ ಕಣಿವೆಯಾಗಿ, ಕಣಿವೆ ಬೆಟ್ಟವಾಗಿ ತಿರುಗಿಬಿಡುತ್ತದೆ. ಬೆಳಕು ಮೇಲಿನಿಂದ ಬರಬೇಕೆಂಬುದು ಮಿದುಳಿನ ಹಟ.

ಎಂಜಿನಿಯರಿಗೆ ಬೇಕಾದದ್ದು ಚಂದವಲ್ಲ, ಸಂಖ್ಯೆ. ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟ ಅಚ್ಚುಹಾಕುತ್ತವೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ತುಂಗಭದ್ರೆಯದು 1633 ಅಡಿ, ಆಲಮಟ್ಟಿಯದು 519.60 ಮೀಟರ್, ಕೆಆರ್‌ಎಸ್‌ನದು 124.80 ಅಡಿ. ಮೊದಲ ಮೂರು ಸಮುದ್ರ ಮಟ್ಟದಿಂದ ಎಣಿಸಿದವು. ಕೆಆರ್‌ಎಸ್‌ನದು ಅಣೆಕಟ್ಟೆಯ ಬುಡದಲ್ಲಿ ನದಿಪಾತ್ರದಿಂದ ಎಣಿಸಿದ್ದು. ಇದು ತಿಳಿಯದೆ ಅವನ್ನು ಹೋಲಿಸಿದರೆ ಅರ್ಥವಿಲ್ಲ. ಸಮುದ್ರ ಮಟ್ಟದಿಂದ ಎಣಿಸಿದ ಒಂದೊಂದು ಸಂಖ್ಯೆಯೂ ಒಂದೊಂದು ಸಮೋನ್ನತಿ ರೇಖೆ. ಶರಾವತಿ ಕಣಿವೆಯ ನಕ್ಷೆಯಲ್ಲಿ 1819 ಅಡಿಯ ಗೆರೆ ಎಳೆದರೆ ಅದರ ಒಳಗೆ ಬಿದ್ದ ಮನೆ, ಗದ್ದೆ, ತೋಟ, ದೇವಸ್ಥಾನ ಎಲ್ಲವೂ ಮುಳುಗಡೆ, ಹೊರಗಿದ್ದದ್ದು ಉಳಿಯಿತು. ಗೆರೆಯೊಳಗೆ ಬಿದ್ದ ಗುಡ್ಡಗಳ ನೆತ್ತಿಗಳು 1819 ಅಡಿಗಿಂತ ಎತ್ತರವಿದ್ದರೆ ಹಿನ್ನೀರಿನ ನಡುಗಡ್ಡೆಗಳಾದವು. ಶರಾವತಿಗೆ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ಗೆರೆಯ ಒಳಗಿದ್ದುದರಿಂದ ನೀರಿನಡಿ ಸೇರಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮೇಲೆ ಕಾಣುತ್ತದೆ.

ಆಲಮಟ್ಟಿಯ ವಿವಾದವೂ ಎರಡು ಗೆರೆಗಳ ನಡುವಿನ ವಿವಾದವೇ. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್‌ಗೆ ಮಿತಿ ಹಾಕಿತು; ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಅಂತರ ಐದು ಮೀಟರಿಗೂ ಕಡಿಮೆ. ಮಲೆನಾಡಿನ ಕಡಿದಾದ ಕಣಿವೆಯಲ್ಲಾದರೆ ಎರಡು ಗೆರೆಗಳು ಹತ್ತಿರ ಹತ್ತಿರ ಇದ್ದು ಮುಳುಗುವ ಪಟ್ಟಿ ಕಿರಿದಾಗುತ್ತಿತ್ತು. ಬಾಗಲಕೋಟೆ, ವಿಜಯಪುರದ ಕಡೆಯ ಸಮನಾದ ಬಯಲಿನಲ್ಲಿ ಅದೇ ಐದು ಮೀಟರ್ ಹಳ್ಳಿಗಳನ್ನೂ ಬಾಗಲಕೋಟೆ ಪಟ್ಟಣದ ಭಾಗಗಳನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರು ಹಿಡಿಯುತ್ತದೆ ಎಂಬುದನ್ನೂ ಗೆರೆಗಳೇ ಹೇಳಬೇಕು. ಒಂದು ಗೆರೆ ಸುತ್ತುವರಿದ ವಿಸ್ತೀರ್ಣ 4 ಚದರ ಕಿಲೋಮೀಟರ್, ಅದರ ಮೇಲೆ ಒಂದು ಮೀಟರ್ ಎತ್ತರದಲ್ಲಿರುವ ಗೆರೆಯದು 6 ಚದರ ಕಿಲೋಮೀಟರ್ ಎಂದುಕೊಂಡರೆ, ಸರಾಸರಿ 5ನ್ನು ಒಂದು ಮೀಟರಿನಿಂದ ಗುಣಿಸಿದಾಗ ಆ ಪದರದಲ್ಲಿ ಸುಮಾರು 50 ಲಕ್ಷ ಘನ ಮೀಟರ್ ನೀರು. ಹೀಗೆ ಪದರ ಪದರವಾಗಿ ಕೂಡುತ್ತ ಬಂದರೆ ಒಟ್ಟು ಸಿಗುತ್ತದೆ; ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಹೂಳು ತುಂಬಿದಾಗ ತಳದ ಗೆರೆಗಳು ಸರಿಯುತ್ತವೆ, ಲೆಕ್ಕವೂ ಬದಲಾಗುತ್ತದೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ ಎನ್ನುವಾಗ, ನೀರಿನಡಿಯ ನೆಲವನ್ನು ಮತ್ತೆ ಅಳೆದು ಗೆರೆಗಳನ್ನು ಹೊಸದಾಗಿ ಎಳೆಯಲಾಗಿದೆ ಎಂದೇ ಅರ್ಥ.

ಕಾಲುವೆ, ರೈಲು, ಹೊಲದ ಬದು ಇವು ಗೆರೆಯ ಜೊತೆಜೊತೆಗೆ ಸಾಗುತ್ತವೆ. ನೀರು ತಾನಾಗಿ ಹರಿಯಬೇಕಾದ ಕಾಲುವೆ ಗೆರೆಯನ್ನು ಹೆಚ್ಚುಕಡಿಮೆ ಅನುಸರಿಸುತ್ತ, ಕಾಣದಷ್ಟು ಇಳಿಯುತ್ತ ಬಳಸಿ ಬಳಸಿ ಹೋಗುತ್ತದೆ. ಬಳಸು ತೀರಾ ಉದ್ದವಾದರೆ ಗುಡ್ಡವನ್ನೇ ಕೊರೆಯುತ್ತಾರೆ. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆಯ ಬಳಿ ಸುರಂಗ ಬಂದದ್ದು ಹೀಗೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ದಾರಿಯ ಇಳಿಜಾರು 50ಕ್ಕೆ 1. ಅಂದರೆ 20 ಮೀಟರ್ ಇಳಿಯಲು ಒಂದು ಕಿಲೋಮೀಟರ್ ಓಡಬೇಕು; 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಸಾಗಿದ ಮೇಲಷ್ಟೇ ಮುಂದಿನ ಗೆರೆ ದಾಟಬಹುದು. ಕೈವಾರದ ಎರಡು ಕಾಲುಗಳನ್ನು 2 ಸೆಂಟಿಮೀಟರಿಗೆ ಅಗಲಿಸಿ, ಒಂದು ಗೆರೆಯಿಂದ ಮುಂದಿನ ಗೆರೆಗೆ ಹೆಜ್ಜೆಯಿಡುತ್ತ ಹೋದರೆ ದಾರಿಯ ಕರಡು ಮೂಡುತ್ತದೆ. ಆ ಹೆಜ್ಜೆಗೆ ನೆಲ ಒಪ್ಪದ ಕಡೆಗಳಲ್ಲಿ ಬಂದವು 57 ಸುರಂಗಗಳು.

ಒಣಬೇಸಾಯದ ರೈತರಿಗೆ ಇದೇ ಗೆರೆ ಸಮಪಾತಳಿ ಎಂಬ ಹೆಸರಿನಲ್ಲಿ ಪರಿಚಿತ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹಾಕಿದ ಬದು ಮಳೆನೀರನ್ನು ಓಡಗೊಡದೆ ಹೊಲದಲ್ಲೇ ಇಂಗಿಸುತ್ತದೆ, ಮಣ್ಣನ್ನು ಉಳಿಸುತ್ತದೆ. ಬದು ಮಟ್ಟ ತಪ್ಪಿದರೆ ನೀರೆಲ್ಲ ತಗ್ಗಿನ ತುದಿಗೆ ಓಡಿ ಅಲ್ಲೇ ಒಡೆಯುತ್ತದೆ. ಗೆರೆ ಹೊಲದ ಗಡಿಯನ್ನು ನೋಡಿ ಸಾಗುವುದಿಲ್ಲ, ಒಬ್ಬನ ಜಮೀನಿನಿಂದ ಇನ್ನೊಬ್ಬನ ಜಮೀನಿಗೆ ದಾಟುತ್ತದೆ. ಹಾಗಾಗಿ ಇದು ಅಕ್ಕಪಕ್ಕದವರು ಒಪ್ಪಿ ಮಾಡಬೇಕಾದ ಕೆಲಸ. ಬದುಗಳು ಎಷ್ಟೋ ಕಡೆ ಸರ್ವೆ ಕಲ್ಲಿನ ಹತ್ತಿರ ಬಂದು ನಿಂತುಬಿಟ್ಟಿರುವುದಕ್ಕೆ ತಾಂತ್ರಿಕ ಕಾರಣ ಹುಡುಕಬೇಕಿಲ್ಲ.

ಮೊದಲು ಈ ಗೆರೆಗಳನ್ನು ಸರ್ವೆಯರುಗಳು ಬೆಟ್ಟ ಹತ್ತಿ, ಮೂರುಕಾಲಿನ ಹಲಗೆಯ ಮೇಲೆ ಕಾಗದ ಹರವಿ, ನೆಲವನ್ನು ನೋಡುತ್ತ ಅಲ್ಲಿಯೇ ಗೀಚುತ್ತಿದ್ದರು. ಅಳತೆ ಮಾಡಿದ ಬಿಂದುಗಳು ಕೆಲವೇ; ನಡುವಿನದು ನುರಿತ ಕಣ್ಣಿನ ಅಂದಾಜು. ನಂತರ ವಿಮಾನದಿಂದ ತೆಗೆದ ಜೋಡಿ ಚಿತ್ರಗಳು ಬಂದವು. ಒಂದೇ ನೆಲವನ್ನು ಎರಡು ಕೋನಗಳಿಂದ ನೋಡಿದರೆ ಎರಡು ಕಣ್ಣಿನಿಂದ ನೋಡಿದಂತೆ ಆಳ ತಿಳಿಯುತ್ತದೆ. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಇದಕ್ಕೆಂದೇ ಎರಡು ಕ್ಯಾಮೆರಾಗಳಿದ್ದವು, ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿತ್ತು. ಅದಕ್ಕೂ ಮುನ್ನ, 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನಗಳ ಯಾನದಲ್ಲಿ ರೇಡಾರ್ ಬಳಸಿ ಜಗತ್ತಿನ ನೆಲಭಾಗದ ಸುಮಾರು ಶೇ 80ರಷ್ಟನ್ನು ಅಳೆದುಬಂದಿತ್ತು. ಈಗ ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ ಎಷ್ಟೋ ಗೆರೆಗಳು ಇಂಥ ಎತ್ತರದ ಚೌಕುಳಿಗಳಿಂದ ಕಂಪ್ಯೂಟರ್ ತಾನೇ ಎಳೆದವು. ಅವುಗಳಿಗೆ ತಮ್ಮದೇ ದೋಷವಿದೆ. ರೇಡಾರ್ ದಟ್ಟ ಕಾಡಿನಲ್ಲಿ ನೆಲವನ್ನು ಮುಟ್ಟದೆ ಮರದ ಹಂದರದಲ್ಲೇ ನಿಲ್ಲುತ್ತದೆ. ಪಶ್ಚಿಮ ಘಟ್ಟದ ಕಾಡು ತೆರವಾದ ಅಂಚಿನಲ್ಲಿ ಇಲ್ಲದ ದಿಣ್ಣೆಯೊಂದು ನಕ್ಷೆಯಲ್ಲಿ ಏಳಬಹುದು. ಹಳೆಯ ಹಾಳೆಗಳಿಗೂ ಮಿತಿಯಿದೆ: 20 ಮೀಟರ್ ಅಂತರದಲ್ಲಿ 15 ಮೀಟರ್ ಎತ್ತರದ ದಿಬ್ಬ ಎರಡು ಗೆರೆಗಳ ನಡುವೆ ನುಸುಳಿ ಕಾಣೆಯಾಗಬಹುದು. ಚಾರಣಕ್ಕೆ ಹೊರಡುವವರು ಗೆರೆಯಿಲ್ಲದ ಜಾಗವನ್ನು ಸಮತಟ್ಟು ಎಂದು ನಂಬಬಾರದು.

ಟೋಪೋಶೀಟ್ ಹುಡುಕುವ ಕ್ರಮ ಸರಳ. ಹಳೆಯ ವ್ಯವಸ್ಥೆಯಲ್ಲಿ ದೇಶವನ್ನು 4 ಡಿಗ್ರಿ ಉದ್ದಗಲದ ಚೌಕಗಳಾಗಿ ಕತ್ತರಿಸಿ ಸಂಖ್ಯೆ ಕೊಟ್ಟಿದ್ದಾರೆ. ಕರ್ನಾಟಕದ ಬಹುಭಾಗ 48 ಮತ್ತು 57ರಲ್ಲಿ ಬರುತ್ತದೆ. ಪ್ರತಿ ಚೌಕವನ್ನು ಎ ಇಂದ ಪಿ ವರೆಗೆ 16 ಹೋಳು ಮಾಡಿ, ಒಂದೊಂದು ಹೋಳನ್ನೂ ಮತ್ತೆ 16 ಮಾಡಿದರೆ 1:50,000ರ ಒಂದು ಹಾಳೆ. ಬೆಂಗಳೂರಿನ ಉತ್ತರ ಭಾಗದಲ್ಲಿ 13 ಡಿಗ್ರಿ ಅಕ್ಷಾಂಶ ಹಾದುಹೋಗುವುದರಿಂದ ನಗರದ ಬಹುಭಾಗ ಎರಡು ಹಾಳೆಗಳಲ್ಲಿ ಹಂಚಿಹೋಗಿದೆ: ಹೆಬ್ಬಾಳ 57 ಜಿ/12ರಲ್ಲಿ, ಲಾಲ್‌ಬಾಗ್ 57 ಎಚ್/9ರಲ್ಲಿ. ಮುಳ್ಳಯ್ಯನಗಿರಿ 48 ಒ/11ರಲ್ಲಿದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ನಾಗರಿಕರಿಗೆಂದು ಬೇರೆ ಸರಣಿ ಬಂತು, ಅದರ ಸಂಖ್ಯೆಗಳ ಕ್ರಮ ಬೇರೆ. 2017ರಲ್ಲಿ ಸರ್ವೇಕ್ಷಣಾ ಇಲಾಖೆ ತನ್ನ 250ನೇ ವರ್ಷದಲ್ಲಿ ‘ನಕ್ಷೆ’ ಎಂಬ ಪೋರ್ಟಲ್ ತೆರೆದು ಈ ಸರಣಿಯ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು.